ದುಡ್ಡು ತಪ್ಪು ಖಾತೆಗೆ ಹೋಗದಂತೆ ನೋಡಿಕೊಳ್ಳುವುದು, ಹೋದರೆ ವಾಪಸ್ ತರಿಸಿಕೊಳ್ಳುವುದು

ಬ್ಯಾಂಕಿನ ಚಲನ್‌ನಲ್ಲಿ ಹೆಸರು ಬರೆಯುತ್ತೇವೆ, ಖಾತೆ ಸಂಖ್ಯೆ ಬರೆಯುತ್ತೇವೆ, ಬ್ಯಾಂಕು ಮತ್ತು ಶಾಖೆಯ ಗುರುತಾದ ಐಎಫ್‌ಎಸ್‌ಸಿ ಬರೆಯುತ್ತೇವೆ. ಇವುಗಳಲ್ಲಿ ಒಂದು ಇನ್ನೊಂದಕ್ಕೆ ಹೊಂದದಿದ್ದರೆ ಬ್ಯಾಂಕಿನವರೇ ತಡೆದು ಕೇಳುತ್ತಾರೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಆ ನಂಬಿಕೆಯಿಂದಲೇ ದುಡ್ಡು ಕಳೆದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಎಲೆಕ್ಟ್ರಾನಿಕ್ ವರ್ಗಾವಣೆಯಲ್ಲಿ ಬಂದ ಹಣವನ್ನು ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮಾ ಮಾಡಬಹುದು, ಹೆಸರು ತಾಳೆ ನೋಡಬೇಕಿಲ್ಲ, ಸರಿಯಾದ ಸಂಖ್ಯೆ ಕೊಡುವ ಹೊಣೆ ಕಳಿಸುವವರದ್ದು ಎಂದು ಅದು ಹೇಳಿತು. ಅಂದರೆ ನೀವು ಹೆಸರಿನ ಜಾಗದಲ್ಲಿ ಏನೇ ಬರೆದಿರಿ, ಯಂತ್ರ ಓದುವುದು ಸಂಖ್ಯೆಯನ್ನು ಮಾತ್ರ.

ಹೀಗೆ ಮಾಡಿದ್ದಕ್ಕೆ ಕಾರಣವಿಲ್ಲದಿಲ್ಲ. ಒಬ್ಬರ ಹೆಸರೇ ಪಾಸ್‌ಬುಕ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇರುತ್ತದೆ. ಕೆ.ಎಸ್. ಮಂಜುನಾಥ, ಮಂಜುನಾಥ ಕೆ.ಎಸ್., ಮಂಜುನಾಥ್ ಶಿವಣ್ಣ ಈ ಮೂವರೂ ಒಬ್ಬರೇ ಆಗಿರಬಹುದು. ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕೆಂದರೆ ಅರ್ಧಕ್ಕರ್ಧ ಹಣ ದಾರಿಯಲ್ಲೇ ನಿಂತುಬಿಡುತ್ತಿತ್ತು. ಆದರೆ ಈ ಅನುಕೂಲದ ಬೆಲೆ ತೆರುವವರು ಒಂದು ಅಂಕಿ ತಪ್ಪಾಗಿ ಒತ್ತಿದವರು. ಹಾಗಾಗಿ ಈ ಲೇಖನದಲ್ಲಿ ಕಳಿಸುವ ಮುಂಚಿನ ಎಚ್ಚರಿಕೆಗಳನ್ನೇ ಮೊದಲು ಹೇಳುತ್ತೇನೆ. ಕಳಿಸಿದ ಮೇಲೆ ಏನು ಮಾಡಬೇಕೆಂಬುದು ಆಮೇಲೆ ಬರುತ್ತದೆ. ಮುಂಚಿನದಕ್ಕೆ ಎರಡು ನಿಮಿಷ ಸಾಕು. ಆಮೇಲಿನದು ತಿಂಗಳುಗಟ್ಟಲೆ ಎಳೆಯಬಹುದು.

ಕಳಿಸುವ ಮುಂಚೆ

ಮೊದಲು ಖಾತೆ ಸಂಖ್ಯೆ ನಿಮ್ಮ ಕೈಗೆ ಹೇಗೆ ಬಂತು ಎಂದು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಾಸ್‌ಬುಕ್ಕಿನ ಫೋಟೊ ನೋಡಿಕೊಂಡು ಟೈಪ್ ಮಾಡುವುದು ಎಲ್ಲಕ್ಕಿಂತ ಅಪಾಯಕಾರಿ. ಪಾಸ್‌ಬುಕ್ಕಿನ ಮೊದಲ ಪುಟದ ಮೇಲೆ ಬ್ಯಾಂಕಿನ ಸೀಲು ಬಿದ್ದಿರುತ್ತದೆ, ಪ್ರಿಂಟರಿನ ಶಾಯಿ ಮಸುಕಾಗಿರುತ್ತದೆ, 8 ಯಾವುದು 6 ಯಾವುದು ತಿಳಿಯುವುದಿಲ್ಲ. ಕೈಬರಹದ ಚೀಟಿಯಾದರೆ 1 ಮತ್ತು 7ರ ತೊಂದರೆ. ಸಂಖ್ಯೆಯನ್ನು ಮೆಸೇಜಿನಲ್ಲಿ ಟೈಪ್ ಮಾಡಿ ಕಳಿಸಲು ಹೇಳಿ, ಕಾಪಿ ಮಾಡಿ ಅಂಟಿಸಿ, ಆಮೇಲೆ ಫೋಟೊ ಜೊತೆ ತಾಳೆ ನೋಡಿ. ಎರಡು ಕಡೆಯೂ ಒಂದೇ ಬಂದರೆ ಮುಂದುವರಿಯಿರಿ.

ಫೋನಿನಲ್ಲಿ ಸಂಖ್ಯೆ ಹೇಳಿಸಿಕೊಳ್ಳುವುದಾದರೆ ನಾಲ್ಕು ನಾಲ್ಕು ಅಂಕಿಯಂತೆ ಹೇಳಲಿ, ನೀವು ಬರೆದುಕೊಂಡದ್ದನ್ನು ತಿರುಗಿಸಿ ಓದಿ. ಇಲ್ಲೊಂದು ಸಣ್ಣ ಸಂಗತಿ ಇದೆ. ಖಾತೆ ಸಂಖ್ಯೆಯ ನಡುವೆ ಸೊನ್ನೆಗಳ ಸಾಲು ಬರುತ್ತದೆ. "ನಾಲ್ಕು ಸೊನ್ನೆ, ಆಮೇಲೆ ಒಂದು ಐದು" ಎಂದು ಹೇಳಿದರೆ ಕೇಳುವವರು 40 ಬರೆದುಕೊಳ್ಳಬಹುದು, 0000 ಬರೆದುಕೊಳ್ಳಬಹುದು. "ಒಂದು ಐದು" ಎಂದದ್ದು 15 ಆಗಬಹುದು, ಬರೀ 5 ಆಗಬಹುದು. ಒಂದೊಂದು ಸೊನ್ನೆಯನ್ನೂ ಬಿಡಿಬಿಡಿಯಾಗಿ ಹೇಳಿಸಿ. ಕೊನೆಗೆ ಒಟ್ಟು ಎಷ್ಟು ಅಂಕಿ ಎಂದು ಇಬ್ಬರೂ ಎಣಿಸಿ. ಸ್ಟೇಟ್ ಬ್ಯಾಂಕಿನ ಖಾತೆ ಸಂಖ್ಯೆ 11 ಅಂಕಿಯದ್ದು. ಬೇರೆ ಬ್ಯಾಂಕುಗಳಲ್ಲಿ ಇನ್ನೂ ಉದ್ದದ ಸಂಖ್ಯೆಗಳಿವೆ. ಎಣಿಕೆಯಲ್ಲಿ ಒಂದು ಹೆಚ್ಚು ಕಡಿಮೆಯಾದರೂ ಅಲ್ಲೇ ಗೊತ್ತಾಗುತ್ತದೆ.

ಐಎಫ್‌ಎಸ್‌ಸಿ 11 ಅಕ್ಷರ-ಅಂಕಿಗಳ ಗುರುತು. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದ್ದು, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆಯದ್ದು. ಐದನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಒತ್ತುವವರು ತುಂಬ ಜನ. ಅದು ಸೊನ್ನೆ ಎಂದು ನೆನಪಿಟ್ಟರೆ ಸಾಕು. ಇದರಲ್ಲಿ ಶಾಖೆ ತಪ್ಪಿದರೂ ಬ್ಯಾಂಕ್ ಅದೇ ಆಗಿದ್ದರೆ ಸಾಮಾನ್ಯವಾಗಿ ದುಡ್ಡು ಸರಿಯಾದ ಖಾತೆಗೇ ಸೇರುತ್ತದೆ. ಬ್ಯಾಂಕೇ ತಪ್ಪಿದರೆ ಕಷ್ಟ. ಅದೇ ಸಂಖ್ಯೆಯ ಖಾತೆ ಆ ಇನ್ನೊಂದು ಬ್ಯಾಂಕಿನಲ್ಲಿ ಇಲ್ಲದಿದ್ದರೆ ಹಣ ವಾಪಸ್ ಬರುತ್ತದೆ, ಇದ್ದರೆ ಅಲ್ಲೇ ಹೋಗಿ ಕೂರುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ವಿಶೇಷ ಕಾರಣವೊಂದು ಸೇರಿಕೊಂಡಿದೆ. ಇಲ್ಲಿ ಹುಟ್ಟಿದ ಬ್ಯಾಂಕುಗಳೇ ಒಂದೊಂದಾಗಿ ಬೇರೆಯವುಗಳಲ್ಲಿ ವಿಲೀನವಾದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಮತ್ತು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಗ್ರಾಮೀಣ ಬ್ಯಾಂಕುಗಳೂ 2025ರ ಮೇ 1ರಿಂದ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಮನೆಯ ಬೀರುವಿನಲ್ಲಿರುವ ಹಳೆಯ ಪಾಸ್‌ಬುಕ್, ಹಳೆಯ ಚೆಕ್ ಹಾಳೆ, ಮದುವೆ ಛತ್ರದವರು ಕೊಟ್ಟ ಹಳೆಯ ರಸೀದಿ ಇವುಗಳಲ್ಲಿರುವ ಐಎಫ್‌ಎಸ್‌ಸಿ ಈಗ ನಡೆಯದೇ ಇರಬಹುದು. ಹಿಂದಿನ ವರ್ಷ ಕಳಿಸಿದ್ದೆವಲ್ಲ ಎಂದು ಬೆರಳು ಒತ್ತಬೇಡಿ. ಆ ಕಡೆಯವರನ್ನು ಮತ್ತೊಮ್ಮೆ ಕೇಳಿ.

ಇನ್ನು ಹೆಸರಿನ ವಿಷಯ. ಕೂಡಲೇ ಹಣ ಸೇರಿಸುವ ಯುಪಿಐ ಮತ್ತು ಐಎಂಪಿಎಸ್‌ನಲ್ಲಿ ಹಣ ಕಳಿಸುವ ಮುಂಚೆ ಖಾತೆದಾರರ ಹೆಸರು ನೋಡುವ ವ್ಯವಸ್ಥೆ ಮೊದಲಿನಿಂದ ಇತ್ತು. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಇನ್ನೆರಡು ದಾರಿಗಳಾದ ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಇರಲಿಲ್ಲ. ಮನೆ ಕಟ್ಟುವವರು, ಜಮೀನು ಕೊಳ್ಳುವವರು ಲಕ್ಷಗಟ್ಟಲೆ ಕಳಿಸುವುದು ಇವುಗಳಲ್ಲೇ. 2024ರ ಡಿಸೆಂಬರ್ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿ, 2025ರ ಏಪ್ರಿಲ್ 1ರೊಳಗೆ ಇವೆರಡಕ್ಕೂ ಹೆಸರು ತೋರಿಸುವ ಸೌಲಭ್ಯ ಕೊಡಲೇಬೇಕು ಎಂದು ಬ್ಯಾಂಕುಗಳಿಗೆ ಹೇಳಿತು. ಇದಕ್ಕೆ ಗ್ರಾಹಕರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳುವಂತಿಲ್ಲ. ಮೊಬೈಲ್ ಬ್ಯಾಂಕಿಂಗ್ ಇಲ್ಲದವರು ಶಾಖೆಗೆ ಹೋಗಿ ಚಲನ್ ತುಂಬಿದರೂ ಈ ಸೌಲಭ್ಯ ಕೇಳಬಹುದು. "ಸರ್, ಈ ನಂಬರಿಗೆ ಯಾರ ಹೆಸರು ಬರ್ತದೆ ನೋಡಿ ಹೇಳಿ" ಎಂದು ಕೌಂಟರಿನಲ್ಲಿ ಕೇಳಲು ಸಂಕೋಚ ಬೇಡ. ಅದು ನಿಮ್ಮ ಹಕ್ಕು.

ಹೆಸರು ಕಾಣಿಸಿದ ಮೇಲೂ ಒಂದು ಜಾಣತನ ಬೇಕು. ಪರದೆಯಲ್ಲಿ ಬಂದ ಹೆಸರನ್ನು ನೀವೇ ಓದಿ "ಸರೀನಾ?" ಎಂದು ಕೇಳಬೇಡಿ. ಗಡಿಬಿಡಿಯಲ್ಲಿರುವವರು ಪೂರ್ತಿ ಕೇಳಿಸಿಕೊಳ್ಳದೆ "ಹೂಂ ಹೂಂ" ಅಂದುಬಿಡುತ್ತಾರೆ. ಬದಲಿಗೆ "ನಿಮ್ಮ ಖಾತೆಯಲ್ಲಿ ಹೆಸರು ಹೇಗಿದೆ, ಇನಿಷಿಯಲ್ ಸಮೇತ ಹೇಳಿ" ಎಂದು ಅವರ ಬಾಯಿಂದಲೇ ಹೇಳಿಸಿ. ಅವರು ಹೇಳಿದ್ದು ಪರದೆಯಲ್ಲಿರುವುದಕ್ಕೆ ಹೊಂದಿದರೆ ಮಾತ್ರ ಕಳಿಸಿ. ಅಂಗಡಿಯ ಕ್ಯೂಆರ್‌ನಲ್ಲಿ ಮಾಲೀಕರ ಹೆಂಡತಿಯ ಹೆಸರೋ ಮಗನ ಹೆಸರೋ ಬರುವುದುಂಟು. ಅದು ತಪ್ಪೇನಲ್ಲ, ಆದರೆ ಕೇಳಿ ಖಚಿತ ಮಾಡಿಕೊಳ್ಳಿ.

ಯುಪಿಐನಲ್ಲಿ ತಪ್ಪುವ ರೀತಿಯೇ ಬೇರೆ. ಇಲ್ಲಿ ಖಾತೆ ಸಂಖ್ಯೆ ಟೈಪ್ ಮಾಡುವವರು ಕಡಿಮೆ. ಫೋನಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಮಂಜು ಗ್ಯಾಸ್, ಮಂಜು ಪೇಂಟರ್, ಮಂಜು ಹಾಲು ಸಾಲಾಗಿ ನಿಂತಿರುತ್ತಾರೆ. ಬೆರಳು ಒಂದು ಸಾಲು ಮೇಲೆ ಬಿದ್ದರೆ ಪೇಂಟರ್‌ಗೆ ಹೋಗಬೇಕಿದ್ದ ಹದಿನೈದು ಸಾವಿರ ಗ್ಯಾಸ್ ತರುವವರಿಗೆ ಹೋಗುತ್ತದೆ. ಪರಿಚಯದವರಾದರೆ ವಾಪಸ್ ಬರುತ್ತದೆ. ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ನಿಮ್ಮ ಹಳೆಯ ಸ್ನೇಹಿತರು ನಂಬರ್ ಬದಲಿಸಿರುತ್ತಾರೆ, ನಿಮಗೆ ಗೊತ್ತಿರುವುದಿಲ್ಲ. ನಿಂತುಹೋದ ಸಿಮ್ಮಿನ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ನಿಮ್ಮ ಫೋನಿನಲ್ಲಿ ಮಾತ್ರ ಅದು ಸ್ನೇಹಿತರ ಹೆಸರಿನಲ್ಲೇ ಇರುತ್ತದೆ. ಇದಕ್ಕಾಗಿಯೇ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಹೀಗೆ ಕೈಬದಲಾದ ನಂಬರುಗಳನ್ನು ವಾರಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು 2025ರಲ್ಲಿ ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಸೂಚಿಸಿತು. ಅದೇ ವರ್ಷದ ಜೂನ್ ಕೊನೆಯಿಂದ, ಹಣ ಕಳಿಸುವ ಪರದೆಯಲ್ಲಿ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದೂ ಹೇಳಿತು. ಹಾಗಾಗಿ ನೀವು ಫೋನಿನಲ್ಲಿ ಸೇವ್ ಮಾಡಿಕೊಂಡ ಹೆಸರನ್ನು ನೋಡಬೇಡಿ, ಬ್ಯಾಂಕಿನ ಹೆಸರು ಎಂದು ಬರುವುದನ್ನು ಓದಿ.

ದೊಡ್ಡ ಮೊತ್ತವಾದರೆ ಮೊದಲು ಒಂದು ರೂಪಾಯಿ ಕಳಿಸುವ ಪದ್ಧತಿ ಒಳ್ಳೆಯದು. ಆದರೆ ಇದನ್ನು ಅರ್ಧ ಮಾಡಿ ಬಿಡುವವರೇ ಹೆಚ್ಚು. ಒಂದು ರೂಪಾಯಿ ಕಳಿಸುತ್ತಾರೆ, ಹಸಿರು ಟಿಕ್ ಬರುತ್ತದೆ, ಸರಿಯಾಯಿತೆಂದು ಪೂರ್ತಿ ಮೊತ್ತ ಕಳಿಸಿಬಿಡುತ್ತಾರೆ. ತಪ್ಪು ಖಾತೆಗೆ ಹೋದ ರೂಪಾಯಿಗೂ ಅದೇ ಹಸಿರು ಟಿಕ್ ಬರುತ್ತದೆ! ನೀವು ಒತ್ತಿದ ಸಂಖ್ಯೆಯ ಖಾತೆಗೆ ಹಣ ಸೇರಿತು ಎಂದಷ್ಟೇ ಆ ಗುರುತಿನ ಅರ್ಥ. ಒಂದು ರೂಪಾಯಿಯ ಬದಲು 3 ರೂಪಾಯಿಯೋ 7 ರೂಪಾಯಿಯೋ ಕಳಿಸಿ. ಎಷ್ಟು ಬಂತು ಎಂದು ಆ ಕಡೆಯವರೇ ಹೇಳಲಿ. ಅವರು ಮೊತ್ತ ಸರಿಯಾಗಿ ಹೇಳಿದ ಮೇಲೆ ಆಗಲೇ ಸೇವ್ ಆಗಿರುವ ಅದೇ ಖಾತೆಗೆ (ಪೇಯಿ) ಉಳಿದದ್ದನ್ನು ಕಳಿಸಿ. ಮತ್ತೆ ಹೊಸದಾಗಿ ಟೈಪ್ ಮಾಡಿದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ.

ವಯಸ್ಸಾದವರಿಗೆ, ಕಣ್ಣು ಮಂಜಾದವರಿಗೆ ಇಷ್ಟು ಹೇಳುತ್ತೇನೆ: ದೊಡ್ಡ ಮೊತ್ತವನ್ನು ರಾತ್ರಿ ಕಳಿಸಬೇಡಿ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತವೆ, ನಿಜ. ಆದರೆ ಶಾಖೆ ಬೆಳಿಗ್ಗೆಯೇ ತೆರೆಯುವುದು. ಶನಿವಾರ ರಾತ್ರಿ ತಪ್ಪಿದರೆ ಸೋಮವಾರದವರೆಗೆ ಎದುರಿಗೆ ಕೂತು ಮಾತಾಡಲು ಯಾರೂ ಸಿಗುವುದಿಲ್ಲ.

ತಪ್ಪಿದ್ದು ಗೊತ್ತಾದ ಕೂಡಲೇ

ಮೊದಲ ಕೆಲಸ: ಇದು ವಿಫಲವಾದ ವರ್ಗಾವಣೆಯೋ ತಪ್ಪು ವರ್ಗಾವಣೆಯೋ ನೋಡಿ. ನಿಮ್ಮ ಖಾತೆಯಿಂದ ಹಣ ಕಡಿತವಾಗಿ ಯಾರ ಖಾತೆಗೂ ಜಮಾ ಆಗದಿದ್ದರೆ ಅದು ವಿಫಲವಾದದ್ದು. ಅದಕ್ಕೆ ಚಿಂತೆ ಬೇಡ. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದಂತೆ ಯುಪಿಐ ಮತ್ತು ಐಎಂಪಿಎಸ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಹೀಗೆ ಸಿಕ್ಕಿಕೊಂಡರೆ ಮಾರನೆಯ ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಆದರೆ ಬೇರೊಬ್ಬರ ಖಾತೆಗೆ ಜಮಾ ಆಗಿಹೋಗಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಅದು ಸರಿಯಾಗಿಯೇ ನಡೆದ ವ್ಯವಹಾರ.

ಎರಡನೆಯದು, ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಸಮಯ, ಮೊತ್ತ, ಹೋದ ಖಾತೆ ಸಂಖ್ಯೆ ಅಥವಾ ಯುಪಿಐ ಐಡಿ, ಮತ್ತು ಆ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಕಾಣಬೇಕು. ಯುಪಿಐ ಮತ್ತು ಐಎಂಪಿಎಸ್‌ನಲ್ಲಿ ಇದು 12 ಅಂಕಿಯದ್ದು, ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಅಕ್ಷರಗಳೂ ಸೇರಿ ಉದ್ದವಾಗಿರುತ್ತದೆ. ಮುಂದೆ ಎಲ್ಲ ಕಡೆ ಮೊದಲು ಕೇಳುವುದು ಈ ಸಂಖ್ಯೆಯನ್ನೇ.

ಮೂರನೆಯದು, ನಿಮ್ಮ ಬ್ಯಾಂಕಿನ ಗ್ರಾಹಕ ಸೇವೆಗೆ ಫೋನ್ ಮಾಡಿ. ನಂಬರನ್ನು ಡೆಬಿಟ್ ಕಾರ್ಡಿನ ಹಿಂಭಾಗದಿಂದ ಅಥವಾ ಪಾಸ್‌ಬುಕ್ಕಿನಿಂದ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಹಣ ಕಳೆದುಕೊಂಡ ಗಾಬರಿಯಲ್ಲಿ ಹುಡುಕುವವರಿಗಾಗಿಯೇ ಸುಳ್ಳು ನಂಬರುಗಳನ್ನು ಹಾಕಿಟ್ಟಿರುತ್ತಾರೆ. ಆ ಕಡೆಯಿಂದ "ರಿಫಂಡ್ ಮಾಡ್ತೀವಿ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ" ಅಂದರೆ ಫೋನ್ ಇಟ್ಟುಬಿಡಿ. ತಪ್ಪಿ ಹೋದದ್ದು ಐದು ಸಾವಿರವಾದರೆ, ಹೀಗೆ ಹೋಗುವುದು ಖಾತೆಯಲ್ಲಿದ್ದ ಪೂರ್ತಿ ಹಣ. ನಿಜವಾದ ಗ್ರಾಹಕ ಸೇವೆಯವರು ದೂರು ದಾಖಲಿಸಿ ಒಂದು ದೂರು ಸಂಖ್ಯೆ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಯುಪಿಐ ಆದರೆ ಆ್ಯಪ್‌ನಲ್ಲಿ ಆ ವ್ಯವಹಾರವನ್ನು ತೆರೆದು ಅಲ್ಲೂ ದೂರು ಕೊಡಿ. ಎನ್‌ಪಿಸಿಐನ ಜಾಲತಾಣದಲ್ಲೂ ಯುಪಿಐ ದೂರುಗಳಿಗೆ ಪ್ರತ್ಯೇಕ ವಿಭಾಗವಿದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿನ ದೂರಿಗೆ ಮುಂದೆ ಬೆಲೆ ಇರುವುದಿಲ್ಲ. ಎರಡು ಪ್ರತಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಪತ್ರ ಹೀಗಿದ್ದರೆ ಸಾಕು:

*ಗೆ,*
*ಶಾಖಾ ವ್ಯವಸ್ಥಾಪಕರು,*
*\_\_\_\_ ಬ್ಯಾಂಕ್, \_\_\_\_ ಶಾಖೆ.*

*ವಿಷಯ: ತಪ್ಪು ಖಾತೆಗೆ ವರ್ಗಾವಣೆಯಾದ ಹಣ ವಾಪಸ್ ಕೊಡಿಸುವ ಬಗ್ಗೆ.*

*ಮಾನ್ಯರೇ,*
*ನಿಮ್ಮ ಶಾಖೆಯಲ್ಲಿ ನನ್ನ ಉಳಿತಾಯ ಖಾತೆ ಇದ್ದು, ಅದರ ಸಂಖ್ಯೆ \_\_\_\_. ದಿನಾಂಕ \_\_\_\_ ರಂದು \_\_\_\_ ಗಂಟೆಗೆ ಈ ಖಾತೆಯಿಂದ ರೂ. \_\_\_\_ ಅನ್ನು \_\_\_\_ ಮೂಲಕ ಕಳಿಸಿದ್ದೇನೆ. ಯುಟಿಆರ್ ಸಂಖ್ಯೆ \_\_\_\_. ಹಣ ಸೇರಬೇಕಿದ್ದ ಖಾತೆ \_\_\_\_. ಸಂಖ್ಯೆ ನಮೂದಿಸುವಾಗ ಆದ ತಪ್ಪಿನಿಂದ ಅದು \_\_\_\_ ಸಂಖ್ಯೆಯ ಖಾತೆಗೆ ಜಮಾ ಆಗಿದೆ. ಆ ಖಾತೆದಾರರಿಗೂ ನನಗೂ ಯಾವುದೇ ವ್ಯವಹಾರವಿಲ್ಲ.*
*ದಯವಿಟ್ಟು ಹಣ ಸೇರಿದ ಬ್ಯಾಂಕನ್ನು ಕೂಡಲೇ ಸಂಪರ್ಕಿಸಿ, ಖಾತೆದಾರರಿಗೆ ವಿಷಯ ತಿಳಿಸಿ, ಅವರ ಒಪ್ಪಿಗೆ ಪಡೆದು ಹಣ ವಾಪಸ್ ಕೊಡಿಸಬೇಕಾಗಿ ಕೋರುತ್ತೇನೆ. ಅವರು ಒಪ್ಪದಿದ್ದರೆ ಅಥವಾ ಸಂಪರ್ಕಕ್ಕೆ ಸಿಗದಿದ್ದರೆ ಅದನ್ನು ನನಗೆ ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.*
*ಲಗತ್ತು: ಸ್ಟೇಟ್‌ಮೆಂಟ್, ಸ್ಕ್ರೀನ್‌ಶಾಟ್, ಗುರುತಿನ ಚೀಟಿಯ ಪ್ರತಿ.*

ಕೊನೆಯ ಸಾಲನ್ನು ಬಿಡಬೇಡಿ. ಖಾತೆದಾರರು ಒಪ್ಪಲಿಲ್ಲ ಎಂದು ಬ್ಯಾಂಕು ಬರೆದುಕೊಟ್ಟ ಕಾಗದವೇ ಮುಂದೆ ಪೊಲೀಸರ ಮುಂದೆ, ವಕೀಲರ ಮುಂದೆ ನಿಮ್ಮ ಆಧಾರ.

ಐಎಫ್‌ಎಸ್‌ಸಿ ನೋಡಿದರೆ ಹಣ ಯಾವ ಶಾಖೆಗೆ ಹೋಗಿದೆ ಎಂದು ಗೊತ್ತಾಗುತ್ತದೆ. ಅದು ನಿಮ್ಮ ಊರಿನದೋ ಪಕ್ಕದ ತಾಲ್ಲೂಕಿನದೋ ಆಗಿದ್ದರೆ ಇದೇ ಪತ್ರದ ಪ್ರತಿ ಹಿಡಿದು ಅಲ್ಲಿಗೂ ಹೋಗಿ. ಆ ಖಾತೆದಾರರ ಹೆಸರು, ವಿಳಾಸ, ಫೋನ್ ನಂಬರ್ ನಿಮಗೆ ಕೊಡುವುದಿಲ್ಲ. ಗ್ರಾಹಕರ ಗುಟ್ಟು ಕಾಯುವುದು ಬ್ಯಾಂಕಿನ ಕರ್ತವ್ಯ, ಅದಕ್ಕೆ ಜಗಳವಾಡಬೇಡಿ. ಆದರೆ ಅವರ ಮುಂದೆಯೇ ಕೂತು "ಒಂದು ಫೋನ್ ಮಾಡಿ ನೋಡಿ ಸರ್" ಎಂದು ಕೇಳಬಹುದು. ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾಗ ಆಗುವ ಕೆಲಸ ಇಮೇಲಿನಲ್ಲಿ ಆಗುವುದಿಲ್ಲ. ಸಣ್ಣ ಊರಿನ ಶಾಖೆಗಳಲ್ಲಿ ಮ್ಯಾನೇಜರಿಗೆ ಖಾತೆದಾರರ ಮುಖಪರಿಚಯವೇ ಇರುತ್ತದೆ.

ಯುಪಿಐ ಮೂಲಕ ಫೋನ್ ನಂಬರಿಗೇ ಹೋಗಿದ್ದರೆ ನೀವೇ ಕರೆ ಮಾಡಬಹುದು. ಬೈಯಬೇಡಿ, ಪೊಲೀಸ್ ಹೆಸರು ಮೊದಲ ಮಾತಿನಲ್ಲೇ ತೆಗೆಯಬೇಡಿ. ಅಪರಿಚಿತರ ಕರೆ ಬಂದು "ನಿಮಗೆ ದುಡ್ಡು ಬಂದಿದೆ, ವಾಪಸ್ ಹಾಕಿ" ಅಂದರೆ ಈ ಕಾಲದಲ್ಲಿ ಯಾರಿಗೂ ಅನುಮಾನ ಬರುತ್ತದೆ, ಬರಲೂ ಬೇಕು. "ನಿಮ್ಮ ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ, ಯುಟಿಆರ್ ಕಳಿಸಿದ್ದೇನೆ, ಅವರು ಹೇಳಿದ ಮೇಲೇ ಕೊಡಿ" ಎಂದು ನೀವೇ ಹೇಳಿದರೆ ನಂಬಿಕೆ ಹುಟ್ಟುತ್ತದೆ.

ಹಣ ಹೋದ ಜಾಗ ಎಂಥದ್ದು

ಬ್ಯಾಂಕು ತಾನಾಗಿಯೇ ಎಳೆದುಕೊಡಲಿ ಎಂದು ಕೇಳುವವರು ಬಹಳ. ಗ್ರಾಹಕರೇ ತಪ್ಪು ಸಂಖ್ಯೆ ಕೊಟ್ಟು ಕಳಿಸಿದ ಹಣವನ್ನು ಪಡೆದವರ ಒಪ್ಪಿಗೆಯಿಲ್ಲದೆ ಅವರ ಖಾತೆಯಿಂದ ತೆಗೆಯಲು ಬ್ಯಾಂಕಿಗೆ ಅಧಿಕಾರವಿಲ್ಲ. ಇದು ಇರಬೇಕಾದ ನಿಯಮವೇ. ಇಲ್ಲದಿದ್ದರೆ ಯಾರು ಬೇಕಾದರೂ ದುಡ್ಡು ಕೊಟ್ಟು ಮಾಲು ತೆಗೆದುಕೊಂಡು, ಆಮೇಲೆ ತಪ್ಪಿ ಹೋಯಿತು ಎಂದು ದೂರು ಕೊಡಬಹುದಿತ್ತು.

ಹಾಗಾಗಿ ಎಲ್ಲವೂ ಆ ಕಡೆಯ ಖಾತೆ ಎಂಥದ್ದು ಎಂಬುದರ ಮೇಲೆ ನಿಂತಿದೆ. ಓಡಾಡುವ ಖಾತೆಯಾಗಿದ್ದು ಖಾತೆದಾರರು ಪ್ರಾಮಾಣಿಕರಾದರೆ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಎರಡು ವರ್ಷದಿಂದ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಯಾದರೆ ದುಡ್ಡು ಖರ್ಚಾಗದೆ ಅಲ್ಲೇ ಇರುತ್ತದೆ, ಆದರೆ ಒಪ್ಪಿಗೆ ಕೊಡುವವರು ಸಿಗುವುದಿಲ್ಲ. ಅವರು ಊರು ಬಿಟ್ಟಿರಬಹುದು, ತೀರಿಕೊಂಡೇ ಇರಬಹುದು. ಎಲ್ಲಕ್ಕಿಂತ ಕಷ್ಟದ್ದು ಸಾಲದ ಕಂತು ಬಾಕಿ ಇರುವ ಖಾತೆ. ಹಣ ಬಿದ್ದ ಗಳಿಗೆಯಲ್ಲೇ ಅದು ಬಾಕಿ ಕಂತಿಗೋ, ಬಾಕಿ ಶುಲ್ಕಕ್ಕೋ ಕಡಿತವಾಗಬಹುದು. ಖಾತೆದಾರರು ಕೊಡಲು ಒಪ್ಪಿದರೂ ಕೊಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಬೇಗ ಹೋಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬ್ಯಾಂಕಿನದೇ ತಪ್ಪಾದಾಗಲೂ ಪೂರ್ತಿ ವಸೂಲಿ ಸುಲಭವಲ್ಲ. 2023ರ ನವೆಂಬರ್‌ನಲ್ಲಿ ಯೂಕೋ ಬ್ಯಾಂಕಿನ ಐಎಂಪಿಎಸ್ ವ್ಯವಸ್ಥೆಯಲ್ಲಿ ತಾಂತ್ರಿಕ ದೋಷವಾಗಿ, ಬೇರೆ ಬ್ಯಾಂಕಿನವರು ಕಳಿಸಿದ ವಿಫಲ ವರ್ಗಾವಣೆಗಳ ಮೊತ್ತ ಅದರ ಗ್ರಾಹಕರ ಖಾತೆಗಳಿಗೆ ಜಮಾ ಆಗಿಬಿಟ್ಟಿತು. ಒಟ್ಟು ಸುಮಾರು 820 ಕೋಟಿ ರೂಪಾಯಿ. ಖಾತೆಗಳನ್ನು ತಡೆಹಿಡಿದು ಬ್ಯಾಂಕು ಮೊದಲ ಕೆಲವು ದಿನಗಳಲ್ಲಿ ವಾಪಸ್ ಪಡೆದದ್ದು ಸುಮಾರು 649 ಕೋಟಿ. ಉಳಿದದ್ದಕ್ಕಾಗಿ ಸಿಬಿಐ ತನಿಖೆಯವರೆಗೆ ಹೋಗಬೇಕಾಯಿತು. ಖಾತೆಗಳು ತನ್ನಲ್ಲೇ ಇದ್ದ ಬ್ಯಾಂಕಿಗೇ ಇಷ್ಟು ಕಷ್ಟವಾದರೆ, ಒಬ್ಬ ಸಾಮಾನ್ಯ ಗ್ರಾಹಕ ಎಷ್ಟು ಚುರುಕಾಗಿರಬೇಕು ಯೋಚಿಸಿ.

ಕೊಡುವುದಿಲ್ಲ ಎಂದರೆ

ಕಾನೂನು ನಿಮ್ಮ ಪಕ್ಕದಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ತಪ್ಪಿನಿಂದ ತನ್ನ ಕೈಗೆ ಬಂದ ಹಣವನ್ನು ಪಡೆದವರು ವಾಪಸ್ ಕೊಡಲೇಬೇಕು. ಗೊತ್ತಿದ್ದೂ ಅಪ್ರಾಮಾಣಿಕವಾಗಿ ಬಳಸಿಕೊಂಡರೆ ಅದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 403ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 314ನೇ ಸೆಕ್ಷನ್. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. 2021ರಲ್ಲಿ ಬಿಹಾರದ ಖಗಡಿಯಾ ಜಿಲ್ಲೆಯಲ್ಲಿ ಗ್ರಾಮೀಣ ಬ್ಯಾಂಕಿನ ತಪ್ಪಿನಿಂದ ಐದೂವರೆ ಲಕ್ಷ ರೂಪಾಯಿ ಒಬ್ಬರ ಖಾತೆಗೆ ಹೋಗಿತ್ತು. ಸರ್ಕಾರ ಕಳಿಸಿದ ದುಡ್ಡೆಂದು ಖರ್ಚು ಮಾಡಿದೆ, ವಾಪಸ್ ಕೊಡಲಾರೆ ಎಂದವರನ್ನು ಪೊಲೀಸರು ಬಂಧಿಸಿದರು.

ನಡೆಯಬೇಕಾದ ದಾರಿ ಇದು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಗೆ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ರಿಸರ್ವ್ ಬ್ಯಾಂಕಿನ ದೂರು ನಿರ್ವಹಣಾ ಜಾಲತಾಣದ ಮೂಲಕ ಆನ್‌ಲೈನ್‌ನಲ್ಲೇ ಕೊಡಬಹುದು, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಆದರೆ ಒಂದು ಮಾತು ಸ್ಪಷ್ಟವಿರಲಿ. ಒಂಬುಡ್ಸ್‌ಮನ್ ನೋಡುವುದು ಬ್ಯಾಂಕಿನ ಸೇವೆಯಲ್ಲಿ ಲೋಪವಾಯಿತೇ ಎಂಬುದನ್ನು. ನಿಮ್ಮ ದೂರನ್ನು ಬ್ಯಾಂಕು ಕಪಾಟಿನಲ್ಲಿಟ್ಟು ಕೂತಿದ್ದರೆ, ಆ ಕಡೆಯ ಬ್ಯಾಂಕಿಗೆ ಬರೆಯದಿದ್ದರೆ ಇದು ಫಲ ಕೊಡುತ್ತದೆ. ಬ್ಯಾಂಕು ತನ್ನ ಕೆಲಸ ಮಾಡಿಯೂ ಹಣ ಪಡೆದವರೇ ಹಟ ಹಿಡಿದಿದ್ದರೆ ಅವರಿಂದ ಕೊಡಿಸಲು ಇಲ್ಲಿ ಸಾಧ್ಯವಿಲ್ಲ.

ಆಗ ಪೊಲೀಸ್ ಠಾಣೆಗೆ ಹೋಗಿ. "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಅನ್ನಬಹುದು. ಈ ಅಪರಾಧದಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ಮಾಡುವಂತಿಲ್ಲ ಎಂಬುದೂ ನಿಜ. ಆದರೂ ಬರಿಗೈಯಲ್ಲಿ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಠಾಣೆಯವರು ಬರೆದುಕೊಡುವ ಉತ್ತರ (ಹಿಂಬರಹ) ಕೇಳಿ. ಎಷ್ಟೋ ಸಲ ಠಾಣೆಯಿಂದ ಬ್ಯಾಂಕಿಗೆ ಒಂದು ಪತ್ರ ಹೋಗಿ, ಅಲ್ಲಿಂದ ಖಾತೆದಾರರಿಗೆ ಒಂದು ಫೋನ್ ಹೋದರೆ ದುಡ್ಡು ಬಂದುಬಿಡುತ್ತದೆ.

ಅದೂ ಆಗದಿದ್ದರೆ ವಕೀಲರ ನೋಟಿಸು, ಆಮೇಲೆ ಸಿವಿಲ್ ದಾವೆ. ದಾವೆಗೆ ಮೂರು ವರ್ಷದ ಗಡುವಿದೆ. ಮೊತ್ತ ಚಿಕ್ಕದಾದರೆ ಕೋರ್ಟಿನ ಖರ್ಚೇ ಹೆಚ್ಚಾಗುತ್ತದೆ ಎಂದು ಕೈಬಿಡುವವರಿಗೆ ಇನ್ನೊಂದು ಬಾಗಿಲಿದೆ. ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ಅಲ್ಲಿ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ವಕೀಲರನ್ನೂ ಉಚಿತವಾಗಿ ಕೊಡುತ್ತಾರೆ. ಇದನ್ನು ಬಳಸಿಕೊಳ್ಳುವವರು ತುಂಬ ಕಡಿಮೆ, ನನಗೆ ಅದೇ ಬೇಸರ.

ಯಾರೋ ಮೋಸ ಮಾಡಿ ನಿಮ್ಮಿಂದ ಹಣ ಹಾಕಿಸಿಕೊಂಡಿದ್ದರೆ ಮೇಲಿನ ದಾರಿಗಳಲ್ಲಿ ಸಮಯ ಕಳೆಯಬೇಡಿ. ಅದು ಸೈಬರ್ ವಂಚನೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮುಂಚೆ ತಡೆಹಿಡಿಯಲು ಆ ವ್ಯವಸ್ಥೆ ಇರುವುದು. ಹಾಗೆಂದು ನಿಮ್ಮ ಬೆರಳಿನ ತಪ್ಪನ್ನು ವಂಚನೆ ಎಂದು ಬರೆಸಬೇಡಿ. ಏನೂ ಅರಿಯದ ಒಬ್ಬರ ಖಾತೆ ಸ್ಥಗಿತವಾಗಿ ಅವರ ಸಂಬಳ, ಮಕ್ಕಳ ಫೀಸು ಎಲ್ಲ ನಿಂತುಬಿಡುತ್ತದೆ.

ನಿಮ್ಮ ಖಾತೆಗೇ ಬೇರೆಯವರ ದುಡ್ಡು ಬಂದರೆ

ಈ ಭಾಗವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಅಪರಿಚಿತರು ಕರೆ ಮಾಡಿ "ಅಣ್ಣಾ, ಆಸ್ಪತ್ರೆಗೆ ಕಟ್ಟಬೇಕಿದ್ದ ದುಡ್ಡು ನಿಮಗೆ ಬಂದುಬಿಟ್ಟಿದೆ, ಈ ನಂಬರಿಗೆ ವಾಪಸ್ ಹಾಕಿ" ಎಂದು ಅಳುತ್ತಾರೆ. ನಿಜವೂ ಇರಬಹುದು, ಬಲೆಯೂ ಇರಬಹುದು. ಮೊದಲು ಎಸ್‌ಎಂಎಸ್ ನಂಬದೆ ಖಾತೆಯ ಬ್ಯಾಲೆನ್ಸ್ ನೋಡಿ. ಬ್ಯಾಂಕಿನ ಮೆಸೇಜಿನಂತೆಯೇ ಕಾಣುವ ಸುಳ್ಳು ಮೆಸೇಜನ್ನು ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಕಳಿಸುತ್ತಾರೆ. ಖಾತೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ, ನೀವು ಕೊಡುವುದೆಲ್ಲ ನಿಮ್ಮದೇ ದುಡ್ಡು.

ಹಣ ನಿಜವಾಗಿ ಬಂದಿದ್ದರೂ ಅವರು ಹೇಳಿದ ನಂಬರಿಗೆ ಹಾಕಬೇಡಿ. ಯಾರಿಂದಲೋ ಕದ್ದ ಹಣವನ್ನು ನಿಮ್ಮ ಖಾತೆಯ ಮೂಲಕ ದಾಟಿಸುವ ಉಪಾಯ ಅದಾಗಿರಬಹುದು. ಕಳೆದುಕೊಂಡವರು ದೂರು ಕೊಟ್ಟಾಗ ಪೊಲೀಸರಿಗೆ ಮೊದಲು ಸಿಗುವುದು ನಿಮ್ಮ ಖಾತೆ. ಬೇರೆಯವರ ನಂಬರಿಗೆ ನೀವು ದಾಟಿಸಿದ್ದು ದಾಖಲೆಯಲ್ಲಿ ಇರುತ್ತದೆ, ಅವರು ಫೋನಿನಲ್ಲಿ ಅತ್ತದ್ದು ಇರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಆ ಮೊತ್ತವನ್ನು ಮುಟ್ಟದೆ ಖಾತೆಯಲ್ಲೇ ಬಿಡಿ. ನಿಮ್ಮ ಕಂತು ಅದೇ ಖಾತೆಯಿಂದ ತಾನಾಗಿ ಕಡಿತವಾಗುತ್ತಿದ್ದರೆ ಅದಕ್ಕೆ ಬೇಕಾದ ಹಣವನ್ನು ಬೇರೆಯಾಗಿ ಹಾಕಿಡಿ. ನಿಮ್ಮ ಶಾಖೆಗೆ ಹೋಗಿ, ಇಂಥ ದಿನ ಇಂಥ ಯುಟಿಆರ್‌ನಲ್ಲಿ ನನ್ನದಲ್ಲದ ಇಷ್ಟು ಹಣ ಬಂದಿದೆ, ಬಂದ ಖಾತೆಗೇ ವಾಪಸ್ ಕಳಿಸಲು ನನ್ನ ಒಪ್ಪಿಗೆ ಇದೆ ಎಂದು ಬರೆದುಕೊಡಿ. ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಕರೆ ಮಾಡಿದವರಿಗೆ ಹೀಗೆ ಹೇಳಿ: "ಬ್ಯಾಂಕಿಗೆ ಬರೆದು ಕೊಟ್ಟಿದ್ದೇನೆ, ನಿಮ್ಮ ಬ್ಯಾಂಕಿನಿಂದ ಕೇಳಿಸಿ." ನಿಜವಾಗಿ ಕಳೆದುಕೊಂಡವರು ಇದಕ್ಕೆ ಒಪ್ಪುತ್ತಾರೆ. ಒಪ್ಪದೆ ಈಗಲೇ ಬೇಕು ಎಂದು ಹೆದರಿಸಿದರೆ ಅವರ ನಂಬರನ್ನೂ ಸೇರಿಸಿ 1930ಕ್ಕೆ ತಿಳಿಸಿ.